1993, ಮಾರ್ಚ್ 1, ಸೋಮವಾರ

ನಮ್ಮ ಆಫೀಸಿನಲ್ಲಿ ನೆಟ್‌ವರ್ಕ್ ಕೆಡುವುದಿಲ್ಲ, ನೆಟ್ 'ಹೋಗುತ್ತದೆ'. ಕರೆಂಟು ಹೋದ ಹಾಗೆ, ಮಾನ ಹೋದ ಹಾಗೆ. ಎಲ್ಲಿಗೆ ಹೋಯಿತು, ಯಾವ ದಾರಿ ಹಿಡಿದು ಹೋಯಿತು ಎಂದು ಯಾರೂ ಕೇಳುವುದಿಲ್ಲ. ಹೋದದ್ದು ಊಟದ ಹೊತ್ತಿಗೆ ವಾಪಸ್ ಬಂದರೆ ಸಾಕು.

ಈಚೆಗೆ ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ, ಬೆಂಗಳೂರಿನ ನಮ್ಮ ಆಫೀಸಿನ ಮೂರನೇ ಮಹಡಿಯಲ್ಲಿ ನೆಟ್ ಹೋಯಿತು. ಸಮಯವನ್ನು ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ, ನೆನಪಿಟ್ಟುಕೊಳ್ಳಿ. ಮುಂದೆ ಇದೇ ಸಮಯದ ವಿಚಾರಣೆ ಇದೆ. ಹತ್ತೂವರೆ ಆಗುವಷ್ಟರಲ್ಲಿ ರೋಗಿ ಒಬ್ಬ, ವೈದ್ಯರು ಎಂಬತ್ತು. ಒಬ್ಬರು 'ಸರ್ವರ್ ಡೌನ್' ಅಂದರು. ರೇಷನ್ ಅಂಗಡಿಯಿಂದ ಪಹಣಿ ಕೊಡುವ ಕಿಟಕಿಯವರೆಗೆ ಇವತ್ತು ಕನ್ನಡನಾಡಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಪೂರ್ಣವಾಕ್ಯ ಅದು; ಅದನ್ನು ಹೇಳಲು ಸರ್ವರ್ ಎಂದರೇನು ಎಂದು ತಿಳಿದಿರಬೇಕಾಗಿಲ್ಲ. ಇನ್ನೊಬ್ಬರು ವೈರಸ್ ಅಂದರು. ಮತ್ತೊಬ್ಬರು ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿರಬೇಕು ಅಂದರು. ನಮ್ಮೂರಿನಲ್ಲಿ ಯಾವ ದಿನ ಹೇಳಿದರೂ ಅರ್ಧ ನಿಜವಾಗುವ ಮಾತು ಅದು. ಅಕೌಂಟ್ಸ್ ವಿಭಾಗದ ಹಿರಿಯರು ಮಾತ್ರ ನಿಟ್ಟುಸಿರು ಬಿಟ್ಟು, "ಈ ಸಲ ಆಯುಧಪೂಜೆಯಲ್ಲಿ ಸರ್ವರ್ ರೂಮಿಗೆ ಬೂದುಗುಂಬಳಕಾಯಿ ಒಡೀಲಿಲ್ಲ, ನಿಂಬೆಹಣ್ಣಲ್ಲೇ ಮುಗಿಸಿಬಿಟ್ರು" ಎಂದರು. ನಿಂಬೆಹಣ್ಣು ಗೊತ್ತಿಲ್ಲ, ಆ ದಿನ ಎರಚಿದ ಅಕ್ಷತೆಯ ಎರಡು ಕಾಳು ಅಲ್ಲಿನ ಸ್ವಿಚ್ಚಿನ, ಅಂದರೆ ಮಹಡಿಯ ನೆಟ್ ವೈರುಗಳೆಲ್ಲ ಬಂದು ಸೇರುವ ಪೆಟ್ಟಿಗೆಯ, ಐದನೇ ಪೋರ್ಟಿನಲ್ಲಿ ಇನ್ನೂ ಇವೆ. ನಾನು ತೆಗೆದಿಲ್ಲ. ತೆಗೆದ ದಿನ ನೆಟ್ ಹೋದರೆ ಕಾರಣ ನಾನಾಗುತ್ತೇನೆ.

ಇಷ್ಟೆಲ್ಲ ರೋಗಗಳಿಗೂ ನಮ್ಮಲ್ಲಿ ಔಷಧಿ ಒಂದೇ: ಆಫ್ ಮಾಡಿ ಆನ್ ಮಾಡುವುದು. ಇದಕ್ಕೆ ಇಂಜಿನಿಯರ್ ಬೇಕಿಲ್ಲ. ಸೆಕ್ಯೂರಿಟಿಯವರು ಸಾಕು, ಬೀಗದ ಕೈ ಅವರ ಹತ್ತಿರ ಇರುತ್ತದೆ. ಅವರು ಒಳಗೆ ಹೋಗಿ ವೈರು ಕೀಳುತ್ತಾರೆ, ಹತ್ತು ಎಣಿಸುತ್ತಾರೆ, ಸಿಕ್ಕಿಸುತ್ತಾರೆ. ಹೊರಗೆ ಬಂದು ಕೈ ಒರೆಸಿಕೊಳ್ಳುವಾಗ ಅವರ ಮುಖದಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿ ಬಂದವರ ಕಳೆ. ಈ ಚಿಕಿತ್ಸೆಯಲ್ಲಿ ಒಂದೇ ತೊಂದರೆ. ಸ್ವಿಚ್ಚು ತನಗೇನಾಯಿತು ಎಂಬುದನ್ನು ಗಳಿಗೆ ಗಳಿಗೆಗೂ ತನ್ನ ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತಿರುತ್ತದೆ. ಯಾವ ಬಾಗಿಲಲ್ಲಿ ಎಷ್ಟು ಕೆಟ್ಟ ಪ್ಯಾಕೆಟ್ ಬಂತು, ಯಾವ ವೈರು ಎಷ್ಟು ಸಲ ಬಿದ್ದು ಎದ್ದಿತು, ಯಾರು ಒಳಗೆ ಬಂದು ಯಾವಾಗ ತಿದ್ದಿದರು, ಎಲ್ಲವೂ ಅಲ್ಲಿರುತ್ತದೆ. ಕರೆಂಟು ತೆಗೆದರೆ ಆ ನೆನಪು ಪೂರ್ತಿ ಸೊನ್ನೆ. ಕೊಲೆಯಾದ ಮನೆಗೆ ಪೊಲೀಸರು ಬರುವ ಮೊದಲೇ ಸಾರಿಸಿ ರಂಗೋಲಿ ಹಾಕಿದಂತೆ. ನೆಟ್ ಬಂತು ಎಂದು ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ; ಯಾಕೆ ಹೋಗಿತ್ತು ಎಂದು ಹೇಳಬಲ್ಲ ಏಕೈಕ ಸಾಕ್ಷಿಗೆ ನಾವೇ ಮರೆವು ತಂದಿರುತ್ತೇವೆ.

ಆ ಸೋಮವಾರ ನನ್ನ ಅದೃಷ್ಟ, ಸೆಕ್ಯೂರಿಟಿಯವರು ಚಹಾಕ್ಕೆ ಹೋಗಿದ್ದರು. ಬೀಗದ ಕೈ ಮೊದಲು ನನಗೆ ಸಿಕ್ಕಿತು.

ಒಳಗೆ ಸ್ವಿಚ್ಚಿನ ಹಸಿರು ದೀಪಗಳೆಲ್ಲ ಒಟ್ಟಿಗೆ, ಬಿಡುವಿಲ್ಲದೆ, ಜಾತ್ರೆಯ ಸೀರಿಯಲ್ ಸೆಟ್ಟಿನ ಹಾಗೆ ಮಿಣುಕುತ್ತಿದ್ದವು. ನೆಟ್‌ವರ್ಕ್ ಮೂಲಕ ಅದನ್ನು ಮಾತಾಡಿಸಲು ಆಗಲಿಲ್ಲ. ಸ್ವಿಚ್ಚಿಗೆ ತಲೆ ಎತ್ತಲೂ ಪುರುಸೊತ್ತಿರಲಿಲ್ಲ. ಬ್ಯಾಗಿನಿಂದ ನೀಲಿ ಕನ್ಸೋಲ್ ಕೇಬಲ್ ತೆಗೆದೆ. ಚಪ್ಪಟೆಯಾಗಿ, ಎಷ್ಟು ಸುತ್ತಿಟ್ಟರೂ ಹಾವಿನ ಹಾಗೆ ಬಿಚ್ಚಿಕೊಳ್ಳುವ ವೈರು. ಗಿಗಾಬಿಟ್ ವೇಗದಲ್ಲಿ ಲೋಕವನ್ನೇ ಸಾಗಿಸುವ ಯಂತ್ರದ ಜೊತೆ ಅಂತರಂಗದ ಮಾತಾಡಬೇಕಾದರೆ ಈ ವೈರಿನಲ್ಲಿ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಅಂದರೆ ನಮ್ಮಜ್ಜಿ ಕವಳ ಅಗಿಯುತ್ತ ಕತೆ ಹೇಳುತ್ತಿದ್ದ ವೇಗದಲ್ಲಿ ಮಾತಾಡಬೇಕು. ಇಡೀ ಬೀದಿ ಕಿರುಚುತ್ತಿದ್ದಾಗಲೂ ಅಜ್ಜಿಯ ಕತೆ ನಿಲ್ಲುತ್ತಿರಲಿಲ್ಲ. ಹಾಗೆಯೇ ಎಲ್ಲ ದಾರಿ ಮುಚ್ಚಿದ ದಿನವೂ ಈ ಹಿತ್ತಿಲ ಬಾಗಿಲು ತೆರೆದಿರುತ್ತದೆ.

ಈ ಕಪ್ಪು ಪರದೆಯ ಶಿಷ್ಟಾಚಾರವನ್ನು ನಾನು ಯಾವ ಆಫೀಸಿನಲ್ಲೂ ಕಂಡಿಲ್ಲ. ಮೊದಲು ಒಂದು '>' ಚಿಹ್ನೆ ತೋರಿಸುತ್ತದೆ: ನೀವು ಸಾಮಾನ್ಯ ಪ್ರಜೆ, ಜಗುಲಿಯ ಮೇಲೆ ಕೂತು ಮಾತಾಡಿ ಎಂದು. 'ಎನೇಬಲ್' ಎಂದು ಗುಟ್ಟಿನ ಪದ ಕೊಟ್ಟರೆ '#' ಬರುತ್ತದೆ: ನಡುಮನೆಗೆ ಬಂದಿದ್ದೀರಿ, ಇನ್ನು ಪಾತ್ರೆ ಒಡೆದರೆ ಹೊಣೆ ನಿಮ್ಮದು. ಆಮೇಲೆ ಅಲ್ಲಿನ ಅತಿ ಮುಖ್ಯ ಕ್ರಿಯಾಪದ 'ಶೋ'. ತೋರಿಸು. ಏನನ್ನೂ ಮುಟ್ಟದೆ, ಬದಲಿಸದೆ, ಸುಮ್ಮನೆ ನೋಡುವ ವಿದ್ಯೆ. ನಾಡಿ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದ ಹಳೆಯ ಪಂಡಿತರಂತೆ ನುರಿತವನು ಹತ್ತು 'ಶೋ' ಹೇಳಿ ಒಂದು ತಿದ್ದುಪಡಿ ಮಾಡುತ್ತಾನೆ. ಅವಸರದವನು ಹತ್ತು ತಿದ್ದಿ, ಹನ್ನೊಂದನೆಯದಾಗಿ ಆಫ್ ಮಾಡಿ ಆನ್ ಮಾಡುತ್ತಾನೆ.

ತಪ್ಪು ಟೈಪ್ ಮಾಡಿದರೆ ಸ್ವಿಚ್ಚು ಬೈಯುವುದಿಲ್ಲ. ತಪ್ಪಾದ ಅಕ್ಷರದ ಕೆಳಗೆ ಸರಿಯಾಗಿ '^' ಎಂದು ಒಂದು ಪುಟ್ಟ ಗೋಪುರ ಇಟ್ಟು, ಎಡವಿದ್ದು ಇಲ್ಲಿ ಎಂದು ತೋರಿಸುತ್ತದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನ್ನ ಯಾವ ಮೇಲಧಿಕಾರಿಯೂ ತಪ್ಪಿನ ಕೆಳಗೆ ಇಷ್ಟು ನಿಖರವಾಗಿ ಗೋಪುರ ಇಟ್ಟದ್ದಿಲ್ಲ. 'ನಿಮ್ಮ ಆಟಿಟ್ಯೂಡ್ ಸರಿ ಇಲ್ಲ' ಎಂಬುದು ಯಾವ ಅಕ್ಷರದ ಕೆಳಗೆ ಬರುತ್ತದೋ ಇನ್ನೂ ಹುಡುಕುತ್ತಿದ್ದೇನೆ. ಸ್ವಿಚ್ಚಿಗೂ ಒಂದು ದೌರ್ಬಲ್ಯ ಇಲ್ಲವೆಂದಲ್ಲ. ನೀವು ಒಂಟಿ ಪದವೊಂದನ್ನು ತಪ್ಪಾಗಿ ಹೊಡೆದರೆ ಅದು ಯಾವುದೋ ಕಂಪ್ಯೂಟರಿನ ಹೆಸರಿರಬೇಕು ಎಂದುಕೊಂಡು, 255.255.255.255 ಎಂಬ ವಿಳಾಸಕ್ಕೆ, ಅಂದರೆ ಇಡೀ ಬೀದಿಗೆ ಕೇಳುವಂತೆ, "ಈ ಹೆಸರಿನವರು ಯಾರಾದರೂ ಇದ್ದೀರಾ?" ಎಂದು ಕೂಗುತ್ತ ನಿಂತುಬಿಡುತ್ತದೆ. ಬೇಗ ಬಿಡುವುದಿಲ್ಲ. ಹಾಗೆ ಕೂಗಬೇಡ ಎಂದು ಮೊದಲೇ ಹೇಳಿಡಲು ಒಂದು ಸಾಲು ಇದೆ. ಅನುಭವಸ್ಥರನ್ನು ಗುರುತಿಸುವುದೇ ಆ ಸಾಲಿನಿಂದ.

ತನ್ನ ಯಜಮಾನ ಮೂರ್ಖನಿರಬಹುದು ಎಂಬ ಅರಿವೂ ಆ ಯಂತ್ರಕ್ಕಿದೆ. ದೂರದಲ್ಲಿ ಕೂತು ಅಪಾಯದ ತಿದ್ದುಪಡಿ ಮಾಡುವ ಮೊದಲು 'ರೀಲೋಡ್ ಇನ್ 10' ಎಂದು ಹೇಳಿಡಬಹುದು. ಹತ್ತು ನಿಮಿಷದಲ್ಲಿ ನಾನು ಬಂದು ಬೇಡ ಅನ್ನದಿದ್ದರೆ, ಕೂತ ಕೊಂಬೆಯನ್ನೇ ಕಡಿದುಕೊಂಡಿದ್ದೇನೆ ಎಂದು ತಿಳಿದು ಹಳೆಯ ಸ್ಥಿತಿಗೆ ಹೋಗು ಎಂದು. ನೋಟು, ತೆರಿಗೆ, ಪಠ್ಯಪುಸ್ತಕ, ಏಕಮುಖ ಸಂಚಾರ ಯಾವುದನ್ನು ಬದಲಿಸುವಾಗಲೂ ಈ ಸೌಲಭ್ಯ ಇರುವ ಸುತ್ತೋಲೆಯನ್ನು ನಾನು ನೋಡಿಲ್ಲ. ಇನ್ನೊಂದು ವಿವೇಕ: ಈಗ ನಡೆಯುತ್ತಿರುವ ಸಂರಚನೆಯೇ ಬೇರೆ, ಶಾಶ್ವತವಾಗಿ ಉಳಿಸಿದ್ದೇ ಬೇರೆ. 'ರೈಟ್ ಮೆಮರಿ' ಎನ್ನುವ ತನಕ ನೀವು ಮಾಡಿದ್ದೆಲ್ಲ ಬಾಯಿಮಾತು. ಚುನಾವಣಾ ಭಾಷಣಕ್ಕೂ ಸರ್ಕಾರಿ ಆದೇಶಕ್ಕೂ ಇರುವ ವ್ಯತ್ಯಾಸವನ್ನು ಇಷ್ಟು ಸ್ವಚ್ಛವಾಗಿ ಬೇರೆ ಯಾರೂ ವಿವರಿಸಿಲ್ಲ.

ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಎಂಬುದೂ ಅದರ ನಿಯಮ. ಹಿಂದೊಮ್ಮೆ ಎರಡನೇ ಮಹಡಿಯ ಒಂದು ಮೂಲೆಯಲ್ಲಿ 'ನೆಟ್ ಸ್ಲೋ' ಎಂದು ಆರು ತಿಂಗಳು ದೂರು ಬರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಇಂಟರ್ನೆಟ್ ಕಂಪನಿಗೆ ಹೆಚ್ಚು ದುಡ್ಡು ಕೊಟ್ಟು ದೊಡ್ಡ ಪ್ಲ್ಯಾನ್ ಹಾಕಿಸಿದರು. ಸ್ವಿಚ್ಚನ್ನು ಕೇಳಿದ್ದರೆ 'ಶೋ ಇಂಟರ್‌ಫೇಸಸ್' ಎಂಬ ಎರಡೇ ಪದಕ್ಕೆ ಹೇಳುತ್ತಿತ್ತು: ವೈರಿನ ಈ ತುದಿ ಫುಲ್ ಡ್ಯೂಪ್ಲೆಕ್ಸ್, ಆ ತುದಿ ಹಾಫ್. ಅಂದರೆ ಒಬ್ಬರು ಇಬ್ಬರೂ ಒಟ್ಟಿಗೆ ಮಾತಾಡಬಹುದು ಎಂದುಕೊಂಡಿದ್ದಾರೆ, ಇನ್ನೊಬ್ಬರು ಸರದಿ ಕಾಯುತ್ತಿದ್ದಾರೆ. ಒಂದು ಕಡೆ ಸಿಆರ್‌ಸಿ ತಪ್ಪುಗಳ ಲೆಕ್ಕ ಏರುತ್ತಿತ್ತು, ಇನ್ನೊಂದು ಕಡೆ ಲೇಟ್ ಕೊಲಿಶನ್‌ಗಳದ್ದು. ಗಂಡ ಹೆಂಡತಿ ಜಗಳದಲ್ಲಿ ಅಕ್ಕಪಕ್ಕದವರು ಪಂಚಾಯಿತಿ ಮಾಡುತ್ತ ಕೂತರು, ಇಬ್ಬರನ್ನೂ ಕೂರಿಸಿ ಕೇಳಲಿಲ್ಲ ಅಷ್ಟೇ. ಕೇಬಲ್ ತುಂಡಾದರೆ ತುಂಡಾದದ್ದು ಸುಮಾರು ಎಷ್ಟನೇ ಮೀಟರಿನಲ್ಲಿ ಎಂದು ಹೇಳುವ ಟಿಡಿಆರ್ ಪರೀಕ್ಷೆಯೂ ಎಷ್ಟೋ ಸ್ವಿಚ್ಚುಗಳ ಹೊಟ್ಟೆಯಲ್ಲೇ ಇದೆ. ಒಂದು ಎಳೆಯನ್ನು ಎಳೆಯಬಹುದಾದದ್ದು ನೂರು ಮೀಟರ್. ಅದರಲ್ಲಿ ಇಪ್ಪತ್ತಮೂರನೇ ಮೀಟರಿನ ಹತ್ತಿರ ಹೆಗ್ಗಣ ಕಚ್ಚಿದೆ ಎಂದು ಯಂತ್ರ ಕೂತಲ್ಲೇ ಹೇಳುತ್ತಿದ್ದರೂ ನಾವು ಇಡೀ ಫಾಲ್ಸ್ ಸೀಲಿಂಗ್ ಬಿಚ್ಚಿಸುತ್ತೇವೆ. ಬಿಚ್ಚಿದರೆ ಬಿಲ್ ಆಗುತ್ತದೆ. 'ಶೋ' ಎಂದರೆ ಏನೂ ಆಗುವುದಿಲ್ಲ.

ಹಾಗೆಂದು ಉತ್ತರವನ್ನು ಎಲ್ಲರಿಗೂ ತೋರಿಸಲೂಬಾರದು. ಒಮ್ಮೆ ಸಾಹೇಬರ ಎದುರು ಸ್ವಿಚ್ಚಿನಿಂದ ಪಿಂಗ್ ಮಾಡಿದೆ. ಪಿಂಗ್ ಎಂಬುದು ಮೈಕ್ ಮ್ಯೂಸ್ ಎಂಬಾತ 1983ರಲ್ಲಿ ಬರೆದ ಪುಟ್ಟ ಪ್ರೋಗ್ರಾಂ. ಜಲಾಂತರ್ಗಾಮಿಯ ಸೋನಾರ್ ಸದ್ದಿನಿಂದ ಹೆಸರು ಬಂತು. 'ಇದ್ದೀಯಾ?' ಎಂದು ಐದು ಸಲ ಕೂಗುತ್ತದೆ. ಉತ್ತರ ಬಂದರೆ '!', ಬಾರದಿದ್ದರೆ '.'. ಆ ದಿನ '.!!!!' ಬಂತು, ಕೆಳಗೆ 80 ಪರ್ಸೆಂಟ್ ಯಶಸ್ಸು ಎಂದಿತ್ತು. ಮೊದಲ ಕೂಗಿನ ಹೊತ್ತಿಗೆ ಆ ಮನೆಯ ಬಾಗಿಲು ಯಾವುದೆಂದು ವಿಚಾರಿಸುತ್ತಿತ್ತು, ಅಷ್ಟರಲ್ಲಿ ಒಂದು ತಪ್ಪಿತು. ಅದು ಸಹಜ ಎಂದೆ. ಸಾಹೇಬರು ಕೇಳಲಿಲ್ಲ. ಉಳಿದ ಇಪ್ಪತ್ತು ಪರ್ಸೆಂಟಿಗೆ ಹೊಣೆ ಯಾರು ಎಂದು ಎರಡು ಮೀಟಿಂಗ್ ಆದವು.

ಸರಿ, ಆ ಸೋಮವಾರಕ್ಕೆ ಬರೋಣ. 'ಶೋ ಪ್ರೊಸೆಸಸ್ ಸಿಪಿಯು' ಎಂದೆ: ತೊಂಬತ್ತೊಂಬತ್ತು ಪರ್ಸೆಂಟ್. 'ಶೋ ಲಾಗಿಂಗ್' ಎಂದೆ. ಅಜ್ಜಿಯ ವೇಗದಲ್ಲಿ ಸಾಲು ಸಾಲಾಗಿ ಒಂದೇ ದೂರು ಇಳಿಯತೊಡಗಿತು: ಇಂಥ ವಿಳಾಸದ ಯಂತ್ರ, ವಿಎಲ್ಯಾನ್ 30 ಎಂಬ ಒಳಬೀದಿಯಲ್ಲಿ, ಹದಿನೇಳನೇ ಪೋರ್ಟಿನಲ್ಲೂ ಕಾಣುತ್ತಿದೆ, ಹದಿನೆಂಟರಲ್ಲೂ ಕಾಣುತ್ತಿದೆ, ಇಲ್ಲಿಂದ ಅಲ್ಲಿಗೆ ಅಲ್ಲಿಂದ ಇಲ್ಲಿಗೆ ಹಾರುತ್ತಿದೆ. ಒಂದೇ ಹೆಸರು ಎರಡು ಬೂತಿನ ಮತದಾರರ ಪಟ್ಟಿಯಲ್ಲಿದ್ದರೆ ನಮ್ಮಲ್ಲಿ ಐದು ವರ್ಷ ಯಾರಿಗೂ ತಿಳಿಯುವುದಿಲ್ಲ. ಸ್ವಿಚ್ಚಿಗೆ ಸೆಕೆಂಡುಗಳಲ್ಲಿ ತಿಳಿದು ಅದು ಬಾಯಿ ಬಡಿದುಕೊಳ್ಳುತ್ತಿತ್ತು. ಇದರ ಅರ್ಥ ಒಂದೇ. ಎಲ್ಲೋ ಒಂದು ವೈರು ತಿರುಗಿ ಬಂದು ಇದೇ ಸ್ವಿಚ್ಚಿನ ಬಾಲ ಹಿಡಿದಿದೆ. ಲೂಪ್.

ಲೂಪ್ ಎಂದರೇನು ಎಂದು ಮನೆಯ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿರುವ ಯಾರಿಗೂ ವಿವರಿಸಬೇಕಾಗಿಲ್ಲ. ಚಿಕ್ಕಪ್ಪ ಹಾಕಿದ ಶುಭೋದಯವನ್ನು ಅತ್ತೆ ಮುಂದಕ್ಕೆ ಕಳಿಸುತ್ತಾರೆ, ಅದು ಇನ್ನೊಂದು ಗ್ರೂಪು ಸುತ್ತಿ ಚಿಕ್ಕಪ್ಪನಿಗೇ ಬರುತ್ತದೆ, ಅವರು ಮೆಚ್ಚಿ ಮತ್ತೆ ಹಾಕುತ್ತಾರೆ. ಈಥರ್ನೆಟ್ ಫ್ರೇಮಿಗೆ ಆಯುಸ್ಸು ಬರೆದಿರುವುದಿಲ್ಲ. ಎಲ್ಲರಿಗೂ ಎಂದು ಹೊರಟ ಒಂದು ಕೂಗು ಲೂಪಿಗೆ ಬಿತ್ತೆಂದರೆ ಯಾರಾದರೂ ದಾರಿ ಕತ್ತರಿಸುವ ತನಕ ಸುತ್ತುತ್ತಲೇ ಇರುತ್ತದೆ. ಹಿಂದಿನಿಂದ ಇನ್ನೊಂದು ಬರುತ್ತದೆ, ಮತ್ತೊಂದು ಬರುತ್ತದೆ. ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುವಾಗ ಆಗುವುದೇ ಇಲ್ಲೂ ಆಗುತ್ತದೆ: ಸದ್ದು ನೂರಕ್ಕೆ ನೂರು, ಸುದ್ದಿ ಸೊನ್ನೆ.

ಇದು ಗೊತ್ತಿಲ್ಲದ ಕಾಯಿಲೆಯೇನಲ್ಲ. ಮದ್ದು ಇಂದಿನ ಸ್ವಿಚ್ಚಿಗಿಂತ ಹಳೆಯದು. 1985ರಲ್ಲಿ ಅಮೆರಿಕದ ಡಿಇಸಿ ಕಂಪನಿಯಲ್ಲಿದ್ದ ರಾಡಿಯಾ ಪರ್ಲ್‌ಮನ್ ಎಂಬಾಕೆ ಸ್ಪ್ಯಾನಿಂಗ್ ಟ್ರೀ ಎಂಬ ಉಪಾಯ ಕಂಡುಹಿಡಿದರು. ವೈರುಗಳು ಹೇಗೆ ಬೇಕಾದರೂ ಹೆಣೆದುಕೊಂಡಿರಲಿ, ಯಂತ್ರಗಳೇ ತಮ್ಮತಮ್ಮಲ್ಲಿ ಮಾತಾಡಿಕೊಂಡು ಒಬ್ಬರನ್ನು ಬೇರೆಂದು ಆರಿಸಿ, ಉಳಿದವರು ಕೊಂಬೆಗಳಾಗಿ, ಹೆಚ್ಚಿನ ದಾರಿಗಳನ್ನು ತಾವೇ ಮುಚ್ಚಿಕೊಳ್ಳುವ ಏರ್ಪಾಡು. ಮರದಲ್ಲಿ ಸುತ್ತುದಾರಿ ಇರುವುದಿಲ್ಲವಲ್ಲ. ಆಕೆ ಅದರ ಬಗ್ಗೆ 'ಅಲ್ಗೊರೈಮ್' ಎಂಬ ಪದ್ಯವನ್ನೂ ಬರೆದರು. ಮಾರುಕಟ್ಟೆಗೆ ಬಂದ ಮೊದಲ ಈಥರ್ನೆಟ್ ಸ್ವಿಚ್ಚು 1990ರದ್ದು, ಏಳು ಪೋರ್ಟಿನದು. ಮಾಡಿದ ಕಂಪನಿಯ ಹೆಸರು ಕೇಳಿದರೆ ನಮ್ಮ ಹಳೆಯ ಸಿನಿಮಾ ಪ್ರಿಯರು ಕಣ್ಣರಳಿಸುತ್ತಾರೆ: 'ಕಲ್ಪನಾ'. ಭಾರತ ಮೂಲದ ವಿನೋದ್ ಭಾರದ್ವಾಜ್ ತಮ್ಮ ಹೆಂಡತಿಯ ಹೆಸರನ್ನೇ ಕಂಪನಿಗಿಟ್ಟಿದ್ದರು. 1994ರಲ್ಲಿ ಸಿಸ್ಕೋ ಅದನ್ನು ಕೊಂಡಿತು. ನಮ್ಮ ಮೂರನೇ ಮಹಡಿಯ ಸ್ವಿಚ್ಚು ಆ ಕುಲದ್ದೇ. ಅಂದರೆ ಕಲ್ಪನೆ ಅಲ್ಲಿ ಹುಟ್ಟಿನಿಂದಲೇ ಇದೆ. ಅಭಾವ ಇರುವುದು ಅದರ ಸುತ್ತಮುತ್ತ.

ಈ ಮರ ಮುರಿದರೆ ಏನಾಗುತ್ತದೆ ಎಂಬುದೂ ಲೋಕಕ್ಕೆ ಗೊತ್ತು. 2002ರ ನವೆಂಬರಿನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಎಂಬ ದೊಡ್ಡ ಆಸ್ಪತ್ರೆಯ ಜಾಲ ಇದೇ ಸ್ಪ್ಯಾನಿಂಗ್ ಟ್ರೀಯ ಮಿತಿ ಮೀರಿ ಕುಸಿಯಿತು. ಸುಮಾರು ನಾಲ್ಕು ದಿನ ವೈದ್ಯರು ದಾದಿಯರು ಕಾಗದ ಪೆನ್ನು ಹಿಡಿದರು. ಅದಕ್ಕಿಂತ ಆಶ್ಚರ್ಯದ್ದು ಆಮೇಲಿನದು: ಅಲ್ಲಿನ ಮಾಹಿತಿ ವಿಭಾಗದ ಮುಖ್ಯಸ್ಥ ಜಾನ್ ಹಲಮ್ಕ, ಜಾಲದಲ್ಲಿ ಏನು ತಪ್ಪಾಯಿತು, ತಮ್ಮಿಂದ ಏನು ತಪ್ಪಾಯಿತು ಎಂಬುದನ್ನು ಬಹಿರಂಗವಾಗಿ ಎಲ್ಲರ ಮುಂದೆ ಹೇಳಿಕೊಂಡರು, ಬೇರೆ ಆಸ್ಪತ್ರೆಗಳು ಕಲಿಯಲಿ ಎಂದು. ಇಂಥವರು ನಮ್ಮ ಆಫೀಸಿನಲ್ಲಿ ಪ್ರೊಬೇಶನ್ ದಾಟುವುದಿಲ್ಲ.

ಮದ್ದು ಇದ್ದ ಮೇಲೆ ನಮ್ಮ ಸ್ವಿಚ್ಚು ಯಾಕೆ ಬಿದ್ದಿತು? 'ಶೋ ಸ್ಪ್ಯಾನಿಂಗ್-ಟ್ರೀ' ಎಂದೆ. ವಿಎಲ್ಯಾನ್ 30ಕ್ಕೆ ಮರವೇ ಇಲ್ಲ ಎಂದಿತು. 'ಶೋ ರನ್ನಿಂಗ್-ಕಾನ್ಫಿಗ್' ಎಂದೆ. ಅಲ್ಲಿ ಒಂದು ಸಾಲು ಕೂತಿತ್ತು: 'ನೋ ಸ್ಪ್ಯಾನಿಂಗ್-ಟ್ರೀ ವಿಎಲ್ಯಾನ್ 30'. ಯಾರೋ ಮರ ಕಡಿದಿದ್ದಾರೆ.

ಮೊದಲು ಬೆಂಕಿ ಆರಿಸಿದೆ. ಹದಿನೆಂಟನೇ ಪೋರ್ಟಿಗೆ ಹೋಗಿ 'ಶಟ್‌ಡೌನ್' ಎಂದೊಡನೆ ಜಾತ್ರೆ ನಿಂತು, ದೀಪಗಳು ಒಂದೊಂದಾಗಿ ಮನುಷ್ಯರಂತೆ ಮಿಣುಕತೊಡಗಿದವು. ಹೊರಗೆ 'ಬಂತು ಬಂತು' ಎಂಬ ಉದ್ಗಾರ ಕೇಳಿಸಿತು. ಅಂದಹಾಗೆ ಹದಿನೆಂಟನೇ ಪೋರ್ಟಿಗೆ ಯಾರೋ ಪುಣ್ಯಾತ್ಮರು ವಿವರಣೆ ಬರೆದಿದ್ದರು: 'ತಾತ್ಕಾಲಿಕ, ತೆಗೆಯಬಾರದು'. ಭಾರತದ ಆಡಳಿತದ ಇತಿಹಾಸವನ್ನು ಎರಡೇ ಪದದಲ್ಲಿ ಬರೆಯಬೇಕಾದರೆ ಇದಕ್ಕಿಂತ ಚೆನ್ನಾಗಿ ಆಗದು.

ವೈರಿನ ಜಾಡು ಹಿಡಿದು ಹೋದರೆ ಬೋರ್ಡ್ ರೂಮು ಸಿಕ್ಕಿತು. ಗೋಡೆಯಲ್ಲಿ ಪಕ್ಕಪಕ್ಕ ಎರಡು ಸಾಕೆಟ್. ಒಂದೇ ವೈರಿನ ಎರಡು ತುದಿ ಎರಡರಲ್ಲೂ ಅಚ್ಚುಕಟ್ಟಾಗಿ ಕೂತಿವೆ. ಹೌಸ್‌ಕೀಪಿಂಗ್ ಅಕ್ಕ ಮೇಜು ಒರೆಸುತ್ತಿದ್ದರು. ಕೇಳಿದೆ.

"ನಾನೇ ಸಾರ್ ಸಿಕ್ಕಿಸಿದ್ದು. ಒಂದ್ ತುದಿ ಮೇಜಿನ ಮೇಲಿಂದ ನೇತಾಡ್ತಿತ್ತು. ಡೈರೆಕ್ಟ್ರು ಬರ್ತಾರೆ, ನೀಟಾಗಿರ್ಬೇಕು ಅಂದ್ರು. ಪಕ್ದಲ್ಲೇ ತೂತಿತ್ತಲ್ಲ, ಅದ್ರೊಳಗೆ ಹಾಕ್ದೆ."

"ಎಷ್ಟು ಹೊತ್ತಿಗಕ್ಕಾ?"

"ಹತ್ತೂಕಾಲಿರ್ಬೇಕು ಸಾರ್. ಸರಿಯಾಗ್ ಗೊತ್ತಿಲ್ಲ."

ಇಪ್ಪತ್ತೆರಡು ವರ್ಷದಲ್ಲಿ ನಾನು ಕೇಳಿದ ಅತ್ಯಂತ ಸ್ವಚ್ಛವಾದ ಹೇಳಿಕೆ ಅದು. ಮಾಡಿದ್ದು ಏನು, ಯಾಕೆ, ಯಾವಾಗ, ಕೊನೆಗೆ ತನಗೆ ಯಾವುದು ಗೊತ್ತಿಲ್ಲ. ಹೀಗೆ ಮಾತಾಡುವವರು ಆ ಮಹಡಿಯಲ್ಲಿ ಇಬ್ಬರೇ: ಇವರು, ಮತ್ತು ಸ್ವಿಚ್ಚು.

ಅಕ್ಕ ಮಾಡಿದ್ದರಲ್ಲಿ ತಪ್ಪೇನಿಲ್ಲ. ಮರ ಇದ್ದಿದ್ದರೆ ಸ್ವಿಚ್ಚು ಆ ದಾರಿಯನ್ನು ತಾನೇ ಮುಚ್ಚಿ ಸುಮ್ಮನಿರುತ್ತಿತ್ತು. ಮರ ಕಡಿದವರು ಯಾರು? ಲಾಗಿನಲ್ಲಿ ಹಿಂದಕ್ಕೆ ಹೋದೆ. ಲಾಗಿಗೆ ಮೀಸಲಾದ ಜಾಗವನ್ನು ನಾನು ಹಿಂದೊಮ್ಮೆ ಯಾರ ಅನುಮತಿಯನ್ನೂ ಕೇಳದೆ ಹಿಗ್ಗಿಸಿಟ್ಟಿದ್ದೆ. ಕೇಳಿದ್ದರೆ ಅದೂ ಇನ್ನೂ ಬಾಕಿ ಇರುತ್ತಿತ್ತು, ಈ ಸಾಲು ಅಳಿಸಿಹೋಗಿರುತ್ತಿತ್ತು. ಸಾಲು ಹೀಗಿತ್ತು: '*ಮಾರ್ಚ್ 1, 00:14', ಅಡ್ಮಿನ್ ಎಂಬುವರು ಕನ್ಸೋಲಿನಿಂದ ಸಂರಚನೆ ತಿದ್ದಿದರು. ಇನ್ನು ಹಾರಾಟದ ಮೊದಲ ದೂರು: '*ಮಾರ್ಚ್ 1, 00:51'. 'ಶೋ ಕ್ಲಾಕ್' ಎಂದು ವರ್ಷ ಕೇಳಿದರೆ, '*ಸೋಮವಾರ, ಮಾರ್ಚ್ 1, 1993'.

ಈ ಕುಲದ ಸ್ವಿಚ್ಚುಗಳಿಗೆ ಸಮಯ ಹೇಳಿಕೊಡುವವರು ಯಾರೂ ಇಲ್ಲದಿದ್ದರೆ, ಎದ್ದಾಗಲೆಲ್ಲ ಅವು 1993ರ ಮಾರ್ಚ್ 1ರ ಮಧ್ಯರಾತ್ರಿಯಿಂದ ಎಣಿಸಲು ಶುರು ಮಾಡುತ್ತವೆ. ಕೈಯಿಂದ ಹೇಳಿಕೊಟ್ಟರೂ ನಮ್ಮದು ಕರೆಂಟು ಹೋದರೆ ಮರೆಯುತ್ತದೆ. ಟೈಮ್ ಸರ್ವರಿಗೆ ಜೋಡಿಸಿ ಎಂದು ನಾನು ಕೊಟ್ಟ ಅರ್ಜಿ ಎರಡು ವರ್ಷದಿಂದ ಮೂರು ವಿಭಾಗ ಸುತ್ತುತ್ತಿದೆ. ಅದೂ ಒಂದು ಲೂಪೇ. ಒಮ್ಮೆ ಅದರ ಮೇಲೆ 'ಗೋಡೆಯಲ್ಲಿ ಗಡಿಯಾರ ಇದೆಯಲ್ಲ?' ಎಂಬ ಷರಾ ಬಂದಿತ್ತು. ನಮ್ಮ ಆಫ್ ಆನ್ ಚಿಕಿತ್ಸೆಯ ಕೃಪೆಯಿಂದ ಮೂರನೇ ಮಹಡಿಗೆ ಮಾರ್ಚ್ ಎರಡನೇ ತಾರೀಕು ಬರುವುದೇ ಅಪರೂಪ. ಅಲ್ಲಿ ಇನ್ನೂ ವೀರಪ್ಪ ಮೊಯ್ಲಿಯವರೇ ಮುಖ್ಯಮಂತ್ರಿ. ದಾವಣಗೆರೆ ಇನ್ನೂ ಜಿಲ್ಲೆಯಾಗಿಲ್ಲ.

ಆದರೆ ಆ ಪುಟ್ಟ ನಕ್ಷತ್ರ ನೋಡಿ, ಸಮಯದ ಹಿಂದೆ ಇರುವುದು. ಅದು ಮುದ್ರಣದೋಷವಲ್ಲ. 'ಈ ಸಮಯ ಹೇಳುತ್ತಿದ್ದೇನೆ, ಆದರೆ ಇದರ ಮೇಲೆ ನನಗೇ ಭರವಸೆಯಿಲ್ಲ' ಎಂದು ಸ್ವಿಚ್ಚು ಮಾಡುವ ಪ್ರಮಾಣ ಅದು. ಟಿವಿ ಚರ್ಚೆಯಲ್ಲಿ ಕೂರುವವರ ಹಣೆಗೆ ಇಂಥದ್ದೊಂದು ನಕ್ಷತ್ರ ತಾನಾಗಿ ಮೂಡುವಂತಿದ್ದರೆ ಪರದೆಯಲ್ಲಿ ಬರೀ ಆಕಾಶ ಕಾಣುತ್ತಿತ್ತು.

ನಿಜವಾದ ಸಮಯ ತಿಳಿಯಲು ಮಗ್ಗಿ ಕೂಡ ಬೇಡ, ಕೂಡಿಸಿ ಕಳೆಯಲು ಬಂದರೆ ಸಾಕು. 'ಶೋ ವರ್ಶನ್' ಎಂದೆ. ಎದ್ದು ಒಂದು ಗಂಟೆ ಹತ್ತು ನಿಮಿಷವಾಯಿತು, ಏಳಲು ಕಾರಣ ಪವರ್-ಆನ್, ಎಂದಿತು. ನನ್ನ ಕೈಗಡಿಯಾರದಲ್ಲಿ ಹತ್ತೂ ನಲವತ್ತು. ಅಂದರೆ ಒಂಬತ್ತೂವರೆಗೆ ಯಾರೋ ವೈರು ಕಿತ್ತು ಹಾಕಿದ್ದಾರೆ. ಹದಿನಾಲ್ಕು ಸೇರಿಸಿ: ಒಂಬತ್ತೂ ನಲವತ್ನಾಲ್ಕಕ್ಕೆ ಮರ ಉರುಳಿದೆ. ಐವತ್ತೊಂದು ಸೇರಿಸಿ: ಹತ್ತೂ ಇಪ್ಪತ್ತೊಂದಕ್ಕೆ ಲೂಪ್.

ಒಂಬತ್ತೂವರೆಗೆ ಏನಾಗಿತ್ತು ಎಂದು ಸಪೋರ್ಟ್ ಹುಡುಗ ಮೆಲ್ಲಗೆ ಹೇಳಿದ. ಸಾಹೇಬರು ಡೈರೆಕ್ಟರರಿಗೆ ತೋರಿಸುವ ಸ್ಲೈಡುಗಳ ತಾಲೀಮಿಗೆ ಬೋರ್ಡ್ ರೂಮಿಗೆ ಬಂದು ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿದ್ದಾರೆ. ಹೊಸದಾಗಿ ಯಾರೇ ಬಂದರೂ ಸ್ಪ್ಯಾನಿಂಗ್ ಟ್ರೀ ಹದಿನೈದು ಸೆಕೆಂಡ್ ಆಲಿಸುತ್ತದೆ, ಹದಿನೈದು ಸೆಕೆಂಡ್ ಕಲಿಯುತ್ತದೆ, ಆಮೇಲೆ ಮಾತಾಡಲು ಬಿಡುತ್ತದೆ. ಮೂವತ್ತು ಸೆಕೆಂಡ್. ಆಲಿಸುವುದು, ಕಲಿಯುವುದು, ಆಮೇಲೆ ಮಾತಾಡುವುದು. ಸಾಹೇಬರಿಗೆ ಈ ಅನುಕ್ರಮದ ಪರಿಚಯವಿರಲಿಲ್ಲ. "ನೆಟ್ ಇಲ್ಲ!" ಎಂದರು. ಆಫ್ ಆನ್ ಮಾಡಿಸಿದರು. ಸ್ವಿಚ್ಚು ಏಳಲು ಐದು ನಿಮಿಷ, ಮತ್ತೆ ಅದೇ ಮೂವತ್ತು ಸೆಕೆಂಡ್. "ಏನಾದ್ರೂ ಮಾಡ್ರೀ, ನನಗೆ ಸಿಕ್ಕಿಸಿದ ಕೂಡ್ಲೇ ಬರ್ಬೇಕು!" ಎಂದರು. ಆ ಒಂದು ಪೋರ್ಟಿಗೆ 'ಪೋರ್ಟ್‌ಫಾಸ್ಟ್' ಎಂಬ ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಹೆದರಿದ ಹುಡುಗ ಮರವನ್ನೇ ಕಡಿದ. ಕೂಡಲೇ ಬಂತು. "ನೋಡಿ, ಹೀಗಿರ್ಬೇಕು ಕೆಲ್ಸ" ಎಂದು ಸಾಹೇಬರು ಬೆನ್ನು ತಟ್ಟಿದರು. ಮೂವತ್ತೇಳು ನಿಮಿಷದ ಮೇಲೆ ಮಹಡಿಯ ಎಂಬತ್ತು ಮಂದಿ ನೆಟ್ಟಿಲ್ಲದೆ ಕೂತಿದ್ದರು. ಆ ಮೂವತ್ತು ಸೆಕೆಂಡನ್ನು ಅವರೆಲ್ಲ ಹಂಚಿಕೊಂಡು ಕಾದರು ಅನ್ನಿ.

ಮೂಲಕಾರಣ ಹುಡುಕಲು ಸಮಿತಿ ಆಯಿತು. ಅಧ್ಯಕ್ಷರು ಸಾಹೇಬರೇ. ಮೊದಲ ದಿನ ಎಲ್ಲರೂ ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಯಾರೋ ಹೌಸ್‌ಕೀಪಿಂಗ್‌ನವರ ಕೈವಾಡವಂತೆ ಎಂಬ ಮಾತು ಬಂದೊಡನೆ ಕೋಣೆಯಲ್ಲಿ ತಂಗಾಳಿ ಬೀಸಿದಂತಾಯಿತು. ಗುತ್ತಿಗೆಯವರಿಗೆ ಒಂದು ಮೇಲ್ ಹಾಕಿ ಬದಲಿಸಿದರೆ ಸಾಕಲ್ಲ ಎಂದರು. ಅಷ್ಟರಲ್ಲಿ ಲಾಗು ಪರದೆಯ ಮೇಲೆ ಬಂತು. ಸ್ಲೈಡು ಮಾಡಿದವನು ಅಚ್ಚುಕಟ್ಟಿನ ಹುಡುಗ. ಸಮಯದ ಹಿಂದೆ ನಕ್ಷತ್ರ ಇರಲಿಲ್ಲ. "ಅದೇನೋ ಸ್ಪೆಶಲ್ ಕ್ಯಾರೆಕ್ಟರ್ ಬಂದಿತ್ತು ಸಾರ್, ಕ್ಲೀನ್ ಮಾಡ್ದೆ" ಎಂದ.

"ಘಟನೆ 1993ರ ಮಾರ್ಚ್ 1ರಂದು ಆಗಿದೆ" ಎಂದು ಸಾಹೇಬರು ಓದಿದರು. ಅವರ ಮುಖ ನಿಧಾನವಾಗಿ ಬೆಳಗಿತು. "ಮಾಡಿದವರು ಅಡ್ಮಿನ್. ಆಗ ನಮ್ಮಲ್ಲಿ ಯಾರಿದ್ರು ಅಡ್ಮಿನ್?"

"1993ರಲ್ಲಿ ಕಂಪನಿಯೇ ಹುಟ್ಟಿರಲಿಲ್ಲ ಸರ್" ಎಂದರು ಎಚ್ಆರ್ ಮೇಡಂ, ಕಡತ ನೋಡಿ.

"ಹಾಗಾದ್ರೆ ಇದು ಲೆಗಸಿ ಇಶ್ಯೂ."

ನನ್ನ ಜೇಬಿನಲ್ಲಿ ಕೂಡಿಸುವ ಲೆಕ್ಕದ ಚೀಟಿ ಇತ್ತು. ತೆಗೆಯಬೇಕೆಂದು ಕೈ ಹಾಕಿದೆ. ತೆಗೆದರೆ ಆಗುವುದೇನು ಎಂದು ಅಲ್ಲೇ ಇನ್ನೊಂದು ಲೆಕ್ಕ ಮಾಡಿದೆ. ಒಂಬತ್ತೂ ನಲವತ್ನಾಲ್ಕಕ್ಕೆ ಸಿಗುವ ಹೆಸರು ಅಡ್ಮಿನ್. ಆ ಪಾಸ್‌ವರ್ಡು ಹನ್ನೊಂದು ಮಂದಿಗೆ ಗೊತ್ತು, ಅಂದರೆ ಯಾರೂ ಅಲ್ಲ. ಹತ್ತೂ ಇಪ್ಪತ್ತೊಂದಕ್ಕೆ ಸಿಗುವುದು, ಕೇಳಿದೊಡನೆ 'ನಾನೇ ಸಾರ್' ಎಂದವರು. ಸರಿಯಾದ ಸಮಯ ಹೇಳಿದರೆ ಬೀಳುವುದು ಆ ಒಂದೇ ತಲೆ. ಕೈಯನ್ನು ಜೇಬಿನಲ್ಲೇ ಬಿಟ್ಟೆ.

ಹೀಗೆ ನಮ್ಮ ಆಫೀಸು ಹುಟ್ಟುವ ಮೊದಲೇ ಅದರ ನೆಟ್ ಹೋಗಿತ್ತು ಎಂಬುದು ಸರ್ವಾನುಮತದಿಂದ ತೀರ್ಮಾನವಾಯಿತು. ಕಡತ ಮುಚ್ಚಿತು. ಅಕ್ಕ ಕೆಲಸದಲ್ಲಿ ಉಳಿದರು, ಸಾಹೇಬರು ಕುರ್ಚಿಯಲ್ಲಿ ಉಳಿದರು. ನಾನು ಮರವನ್ನು ಮತ್ತೆ ನೆಟ್ಟೆ, ಬೋರ್ಡ್ ರೂಮಿನ ಎರಡೂ ಪೋರ್ಟಿಗೆ ಪೋರ್ಟ್‌ಫಾಸ್ಟ್ ಬರೆದೆ, 'ರೈಟ್ ಮೆಮರಿ' ಎಂದೆ.

ವರದಿಗೆ ತಾಂತ್ರಿಕ ಸದಸ್ಯನ ಸಹಿ ಬೇಕು ಎಂದರು. ಹಾಕಿದೆ. ಹಾಕುವಾಗ ಸಹಿಯ ಹಿಂದೆ ಪೆನ್ನಿನ ತುದಿಯಿಂದ ಒಂದು ಸಣ್ಣ ನಕ್ಷತ್ರವನ್ನೂ ಬರೆದೆ.

ನಿನ್ನೆ ಸ್ಕ್ಯಾನ್ ಆದ ಪ್ರತಿ ಬಂದಿದೆ. ಶಾಯಿ ಚೆಲ್ಲಿದಂತೆ ಕಾಣುತ್ತಿತ್ತಂತೆ, ಕ್ಲೀನ್ ಮಾಡಿದ್ದಾರೆ.